ಹನ್ನೆರಡನೆಯ ತಿಂಗಳಿಗೆ ಇಪ್ಪತ್ತೆಂಟು ದಿನ

ಬೆಟ್ಟದ ಕಣಿವೆಯ ಹಳ್ಳಿ ಕೆಲ್ಡ್‌ಬೆಕ್‌ನ ಕ್ವೇಕರ್ ಸಭಾಮನೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇದೆ. ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಮೊದಲ ಒಣ ದಿನ, ಅದನ್ನು ತೆರೆದು ಒಳಗಿನ ಕಾಗದಗಳಿಗೆ ಗಾಳಿಯಾಡಿಸಬೇಕು. ಹನ್ನೊಂದು ವರ್ಷಗಳಿಂದ ಆ ಕೆಲಸ ಹಿಲರಿ ಕೋಟ್ಸ್‌ಳದು. ಹಳೆಯ ದಫ್ತರಗಳನ್ನು ಬೆಂಚಿನ ಮೇಲೆ ಸಾಲಾಗಿ ಬಿಡಿಸಿಟ್ಟು, ಮಧ್ಯಾಹ್ನದವರೆಗೆ ಕಾದು, ಮತ್ತೆ ಉಣ್ಣೆಬಟ್ಟೆಯಲ್ಲಿ ಸುತ್ತಿಡುವುದು. ಓದುವ ಗೋಜಿಗೆ ಅವಳು ಹೋದವಳಲ್ಲ. ಇನ್ನೂರೈವತ್ತು, ಮುನ್ನೂರು ವರ್ಷದ ಹಿಂದಿನ ಅಕ್ಷರ; ಕಣ್ಣಿಗೆ ಶ್ರಮ. ಓದಬೇಕೆನ್ನುವವರಿಗೆ ಅಚ್ಚಾದ ಪುಸ್ತಕ ಕಪಾಟಿನಲ್ಲೇ ಇತ್ತು.

ಈ ವರ್ಷ ಮಾತ್ರ ಓದಬೇಕಾಗಿ ಬಂತು. ಏಪ್ರಿಲ್ ಕೊನೆಯಲ್ಲಿ ಜೊಸಾಯಾ ಹಾರ್ಕರ್‌ನ ಸ್ಮರಣೆಯ ಕಾರ್ಯಕ್ರಮ ಇತ್ತು. ವಸಂತ ಬೆಟ್ಟ ಹತ್ತುವ ವೇಗವನ್ನು ಮೊಟ್ಟಮೊದಲು ಅಳೆದವನು ಅವನೇ ಎಂದು ಜಿಲ್ಲೆಯ ವಿಜ್ಞಾನ ಸಂಘದವರು ಹೇಳುತ್ತಿದ್ದರು. ಪ್ರತಿ ನೂರು ಅಡಿ ಎತ್ತರಕ್ಕೆ ಹೂವು ಒಂದು ದಿನ ತಡ, ಕಪ್ಪೆಯ ಮೊಟ್ಟೆ ಒಂದು ದಿನ ತಡ, ವಸಂತಕ್ಕೆ ವಲಸೆ ಬರುವ ಕವಲುಬಾಲದ ಸ್ವಾಲೋ ಹಕ್ಕಿಯೂ ಹೆಚ್ಚುಕಡಿಮೆ ಹಾಗೇ. ಅವನು ಮಲಗಿರುವುದು ಸಭಾಮನೆಯ ಹಿಂದಿನ ಸ್ಮಶಾನದಲ್ಲಿ. ಆದರೆ ಎಲ್ಲಿ ಎಂದು ತೋರಿಸಲು ಕಲ್ಲಿಲ್ಲ. ಆ ಕಾಲದ ಕ್ವೇಕರರು, ತಮ್ಮನ್ನು ತಾವು ಸ್ನೇಹಿತರು ಎಂದು ಕರೆದುಕೊಳ್ಳುವ ಈ ಕ್ರೈಸ್ತ ಪಂಥದ ಜನ, ಸತ್ತವರ ನಡುವೆಯೂ ದೊಡ್ಡವರು ಚಿಕ್ಕವರು ಇರಬಾರದೆಂದು ಯಾರಿಗೂ ಕಲ್ಲು ಇಡುತ್ತಿರಲಿಲ್ಲ. ಒಂದೇ ಒಂದು ಕಲ್ಲು, ಮೊಣಕಾಲಿಗಿಂತ ಕೆಳಗೆ, ಹೆಸರು ಮತ್ತು ತಾರೀಖು ಬಿಟ್ಟು ಇನ್ನೇನೂ ಇಲ್ಲದ್ದು, ಇಡಬಹುದು ಎಂದು ಕೆಲ್ಡ್‌ಬೆಕ್‌ನ ಸ್ನೇಹಿತರು ಒಪ್ಪುವುದಕ್ಕೆ ಮೂರು ವರ್ಷ ಹಿಡಿದಿತ್ತು. ಮುಂದಿನ ಸೋಮವಾರ ಕಲ್ಲುಕುಟಿಗ ಉಳಿ ಹಿಡಿಯುವುದೆಂದು ಗೊತ್ತಾಗಿತ್ತು.

ಜೊಸಾಯಾನ ಕೈಬರಹದ ಒಂದು ಪುಟ ಬೇಕು, ಗಾಜಿನ ಕೆಳಗಿಟ್ಟು ತೋರಿಸೋಣ ಎಂದಿದ್ದರು ಸಂಘದವರು. ಅದನ್ನು ಹುಡುಕಲು ಹಿಲರಿ ಆ ಅಳತೆಗಳ ಮೂಲ ದಫ್ತರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ದಫ್ತರ ಶುರುವಾದದ್ದು ಜೊಸಾಯಾನಿಂದಲ್ಲ, ಅದು ಎಲ್ಲರಿಗೂ ಗೊತ್ತು. ಶುರುಮಾಡಿದ್ದು ಅವನ ಸೋದರತ್ತೆ ಟೇಮರ್ ಹಾರ್ಕರ್. ಮದುವೆಯಾಗದ ಹೆಂಗಸು. ೧೭೩೬ರಿಂದ ಹದಿನಾರು ವರ್ಷ ಅವಳು ಬರೆದದ್ದೆಲ್ಲ ಗೊಂದಲ, ಸ್ವಾಲೋ ಹಕ್ಕಿ ಇನ್ನೂ ಹಿಮ ಬೀಳುವ ಫೆಬ್ರವರಿಯಲ್ಲೇ ಬಂತೆಂದು ಬರೆದಿದ್ದಾಳೆ, ೧೭೫೨ರಲ್ಲಿ ಅಣ್ಣನ ಮಗ ಬಂದು ಕೂಡಿಕೊಂಡ ಮೇಲೆ ಎಲ್ಲ ಸರಿಹೋಯಿತು, ಎಂದು ನೂರೈವತ್ತು ವರ್ಷದ ಹಿಂದೆ ಅದನ್ನು ಅಚ್ಚು ಹಾಕಿಸಿದ ಪಾದ್ರಿ ಮುನ್ನುಡಿಯಲ್ಲಿ ಬರೆದಿದ್ದ. ಅಂದಿನಿಂದ ಎಲ್ಲರೂ ಅದನ್ನೇ ಹೇಳಿಕೊಂಡು ಬಂದಿದ್ದರು.

ಹಿಲರಿ ೧೭೫೨ಕ್ಕೆ ಬಂದಳು. ಕೈಬರಹ ಬದಲಾಗಲಿಲ್ಲ. ೧೭೫೩, ಇಲ್ಲ. ೧೭೬೦, ಇಲ್ಲ. ಅದೇ ಬಾಗಿದ ಅಕ್ಷರ, ಅದೇ ಕುಡುಗೋಲಿನಂಥ ಬಾಲ. ೧೭೬೬ರ ಕೊನೆಯ ಪುಟದವರೆಗೂ ಒಂದೇ ಕೈ.

ಹಿಂದಕ್ಕೆ ತಿರುವಿದಳು. ಟೇಮರ್ ದಿನಕ್ಕೊಂದು ಸಾಲು ಬರೆದಿದ್ದಳು: ತಾರೀಖು, ಬೆಳಗಿನ ಥರ್ಮಾಮೀಟರು, ಗಾಳಿ, ಕಂಡದ್ದು. ತಿಂಗಳಿಗೆ ಹೆಸರಿಲ್ಲ, ಬರೀ ಅಂಕಿ. ಜನವರಿ, ಮಾರ್ಚ್ ಎಂಬುವು ಅನ್ಯದೇವತೆಗಳ ಹೆಸರುಗಳು ಎಂದು ಸ್ನೇಹಿತರು ಬಳಸುತ್ತಿರಲಿಲ್ಲ. ಮೊದಲ ತಿಂಗಳು, ಎರಡನೆಯ ತಿಂಗಳು ಎಂದೇ ಲೆಕ್ಕ. ಹಿಲರಿಯೂ ಹಾಗೇ ಕಲಿತವಳು. ಸಭೆಯ ನಿರ್ಣಯಗಳ ಮೇಲೆ ಈಗಲೂ ಹಾಗೇ ಬರೆಯುತ್ತಾರೆ.

ಹನ್ನೆರಡನೆಯ ತಿಂಗಳ ಸಾಲುಗಳು ಇಪ್ಪತ್ತೆಂಟಕ್ಕೆ ನಿಂತಿದ್ದವು.

ಮುಂದಿನ ವರ್ಷವೂ ಇಪ್ಪತ್ತೆಂಟು. ಅದರ ಮುಂದಿನದೂ. ಅಚ್ಚಿನ ಪುಸ್ತಕ ತೆಗೆದು ನೋಡಿದಳು. ಅಲ್ಲಿ ಪಾದ್ರಿ ಅಡಿಯಲ್ಲೊಂದು ಟಿಪ್ಪಣಿ ಹಾಕಿದ್ದ: ಕ್ರಿಸ್‌ಮಸ್‌ ಸಂಭ್ರಮದಲ್ಲಿ ಮುಳುಗಿದ ಈ ಸಾಧ್ವಿ ಪ್ರತಿ ಡಿಸೆಂಬರಿನ ಕೊನೆಯ ಮೂರು ದಿನಗಳನ್ನು ಮರೆಯುವಳು.

ಹಿಲರಿ ಎರಡನೆಯ ತಿಂಗಳನ್ನು ತೆರೆದಳು. ಅಲ್ಲಿ ಮೂವತ್ತು ಸಾಲು. ಅಚ್ಚಿನಲ್ಲಿ ಫೆಬ್ರವರಿ ಎಂದು ಮಾಡಿ ಇಪ್ಪತ್ತೆಂಟಕ್ಕೆ ಕತ್ತರಿಸಿದ್ದರು. ೧೭೩೯ಕ್ಕೆ ಬಂದಾಗ ಹನ್ನೆರಡನೆಯ ತಿಂಗಳಿಗೆ ಇಪ್ಪತ್ತೊಂಬತ್ತು ದಿನ.

ಬೆಂಚಿನ ಮೇಲೆ ಬಿಸಿಲು ಸರಿದದ್ದು ಅವಳಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಎಣಿಸಿದಳು. ಮತ್ತೊಮ್ಮೆ. ಮೂರು ಸಲ ನೋಡದೆ ಏನನ್ನೂ ಹೇಳದಿರುವುದು ಅವಳ ಹಳೆಯ ಅಭ್ಯಾಸ.

*

"ಕ್ಲೈವ್, ಯಾವ ತಿಂಗಳಿಗೆ ಇಪ್ಪತ್ತೆಂಟು ದಿನ?"

"ಕುರಿ ಈಯೋ ಕಾಲದಲ್ಲಿ ಕೇಳೋ ಪ್ರಶ್ನೆನಾ ಇದು?" ಅವಳ ಗಂಡ ತೋಳಿನ ತನಕ ಸೋಪು ಹಚ್ಚಿಕೊಂಡು ನಲ್ಲಿಯ ಮುಂದೆ ನಿಂತಿದ್ದ. "ಫೆಬ್ರವರಿ. ಯಾಕೆ, ನಿಮ್ಮ ಸ್ನೇಹಿತರು ಅದನ್ನೂ ಮೂರು ವರ್ಷ ಕೂತು ತೀರ್ಮಾನ ಮಾಡ್ಬೇಕಾ?"

"ಫೆಬ್ರವರಿ ಹನ್ನೆರಡನೇ ತಿಂಗಳು ಆಗ್ಬೇಕಾದ್ರೆ, ಮೊದಲನೇದು ಯಾವುದು?"

ಕ್ಲೈವ್ ಬೆರಳು ಮಡಿಸಿದ. "ಮಾರ್ಚ್."

"ಮಾರ್ಚ್! ಆಗ ವರ್ಷ ಹುಟ್ಟುತ್ತಿದ್ದದ್ದೇ ಮಾರ್ಚಲ್ಲಿ ಕಣೋ. ೧೭೫೨ರಲ್ಲಿ ಸರ್ಕಾರ ಕಾನೂನು ಮಾಡಿ ಜನವರಿಗೆ ತಂದಿದ್ದು. ಅವಳ ಎರಡನೇ ತಿಂಗಳು ಫೆಬ್ರವರಿ ಅಲ್ಲ, ಏಪ್ರಿಲ್. ೧೭೩೯ರ ಹನ್ನೆರಡನೇ ತಿಂಗಳು ಅಂದ್ರೆ ನಮ್ಮ ಲೆಕ್ಕಕ್ಕೆ ೧೭೪೦ರ ಫೆಬ್ರವರಿ, ಅಧಿಕ ವರ್ಷ, ಅದಕ್ಕೇ ಇಪ್ಪತ್ತೊಂಬತ್ತು. ಸ್ವಾಲೋ ಹಕ್ಕಿ ಸರಿಯಾದ ಹೊತ್ತಿಗೇ ಬಂದಿತ್ತು! ಜೊಸಾಯಾ ಬಂದಿದ್ದಕ್ಕೆ ಏನೂ ಸರಿಹೋಗ್ಲಿಲ್ಲ. ಅವನು ಬಂದ ವರ್ಷಾನೇ ದೇಶದ ಪಂಚಾಂಗ ಬದಲಾಯ್ತು, ಅಷ್ಟೇ. ಅವಳು ಒಂದು ದಿನಾನೂ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ!"

ಕ್ಲೈವ್ ಕೈ ಒರೆಸಿಕೊಂಡು ಅವಳ ಮುಖ ನೋಡಿದ.

"ಎನಿಡ್‌ಗೆ ಹೇಳಿದ್ಯಾ?"

"ಇಲ್ಲ."

"ಹೋಗೋವಾಗ ನನ್ನ ಹೆಲ್ಮೆಟ್ ಹಾಕ್ಕೊಂಡು ಹೋಗು."

ಎನಿಡ್ ಹಾರ್ಕರ್‌ಗೆ ಎಂಬತ್ತಾರು. ಊರಿನ ಶಾಲೆಗೆ ಮೂವತ್ತು ವರ್ಷ ಮುಖ್ಯೋಪಾಧ್ಯಾಯಿನಿ. ಜೊಸಾಯಾನ ವಂಶದ ಕೊನೆಯ ಕುಡಿ. ಸಭಾಮನೆಯ ಬಾಗಿಲಲ್ಲಿ ಇಟ್ಟಿರುವ ಜೊಸಾಯಾನ ಚರಿತ್ರೆಯ ಪುಸ್ತಿಕೆ ಅವಳೇ ಬರೆದದ್ದು. ಟೇಮರ್‌ಗೆ ವಂಶವೇ ಇಲ್ಲ. ಅವಳ ಪರವಾಗಿ ಮಾತಾಡಲು ಯಾರೂ ಇಲ್ಲ.

ತಟ್ಟೆ ತೊಳೆಯುತ್ತ ಹಿಲರಿಗೆ ಹಾಲಿನ ಡೇರಿ ನೆನಪಾಯಿತು. ಇಪ್ಪತ್ತಾರು ವರ್ಷ ಅವಳು ಅಲ್ಲಿ ಹಾಲು ಪರೀಕ್ಷೆ ಮಾಡಿದ್ದಳು. ಒಂದು ಬೆಳಗ್ಗೆ ಒಂದು ಟ್ಯಾಂಕರಿನ ಹಾಲಿನಲ್ಲಿ ಹಸುವಿಗೆ ಕೊಟ್ಟ ಔಷಧಿ ಇದೆ, ಚೀಸ್ ಹೆಪ್ಪುಗಟ್ಟುವುದಿಲ್ಲ ಎಂದು ಹೇಳಿದಳು. ಮ್ಯಾನೇಜರು ನಕ್ಕ. ನಿನ್ನ ಕಣ್ಣು ತಪ್ಪಿರಬೇಕು ಹಿಲರಿ, ಬಾಟಲಿ ಅದಲುಬದಲು ಮಾಡಿರ್ತೀಯ, ಎಂದ. ಆ ಚೀಸ್ ಅಷ್ಟೂ ಕೆಟ್ಟಿತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ, ಹೋಗಲಿ ಬಿಡಿ ಅಂದಳು. ಹೋಗಲಿ ಬಿಡಿ ಎಂಬ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಕೂತಿತ್ತೆಂದರೆ, ಅದು ತನ್ನ ಸ್ವಭಾವವೆಂದೇ ಅವಳು ನಂಬಿದ್ದಳು. ಮನಸ್ಸು ಒಳಗೆ ಮೂರು ಸಲ ನೋಡುತ್ತಿತ್ತು, ಬಾಯಿ ಹೊರಗೆ ಬಿಟ್ಟುಕೊಡುತ್ತಿತ್ತು.

ಈ ಸಲ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೋಪವೇನೂ ಇರಲಿಲ್ಲ. ಎಣಿಸಿದ್ದು ಸರಿಯಾಗಿತ್ತು, ಅಷ್ಟೇ.

*

ಭಾನುವಾರ ಮೌನಪ್ರಾರ್ಥನೆ ಮುಗಿದ ಮೇಲೆ ವ್ಯವಹಾರದ ಸಭೆ. ಹದಿನಾಲ್ಕು ಜನ. ಕಾರ್ಯದರ್ಶಿ ಬರ್ನಾರ್ಡ್ ಮೇಜಿನ ಹಿಂದೆ ಪೆನ್ನು ಹಿಡಿದು ಕೂತಿದ್ದ. ಸ್ನೇಹಿತರಲ್ಲಿ ಕೈ ಎತ್ತುವುದಿಲ್ಲ, ಮತ ಎಣಿಸುವುದಿಲ್ಲ. ಎಲ್ಲರ ಮನಸ್ಸು ಒಂದಾಯಿತೆಂದು ಕಾರ್ಯದರ್ಶಿಗೆ ಅನ್ನಿಸಿದರೆ ಅಲ್ಲೇ ಬರೆದು ಅಲ್ಲೇ ಓದುತ್ತಾನೆ. ಒಬ್ಬರ ಮನಸ್ಸು ಒಪ್ಪದಿದ್ದರೂ ಪೆನ್ನು ಕೆಳಗಿಡುತ್ತಾನೆ.

ಹಿಲರಿ ಎದ್ದು ನಿಂತು, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಐದು ನಿಮಿಷ ಸಾಕಾಯಿತು. ಕೊನೆಗೆ, "ಕಲ್ಲಿನ ಮೇಲೆ ಟೇಮರ್ ಹೆಸರು ಬರಬೇಕು. ಜೊಸಾಯಾನದಲ್ಲ," ಎಂದು ಕೂತಳು.

ಎಲ್ಲರೂ ಎನಿಡ್ ಕಡೆ ನೋಡದಿರಲು ಪ್ರಯತ್ನಪಟ್ಟರು.

ಎನಿಡ್ ಕೋಲೂರಿ ಎದ್ದಳು. "ಹಿಲರಿ, ನಿನಗೆ ಏಳರ ಮಗ್ಗಿ ಕಲಿಸಿದ್ದು ನಾನು. ಏಳೆಂಟ್ಲಿ ಎಷ್ಟು ಅಂದ್ರೆ ಕಿಟಕಿ ನೋಡ್ತಿದ್ದೆ. ನಿನಗೆ ಎಣಿಸೋಕೆ ಯಾವಾಗ ಬಂತು?"

"ಐವತ್ತಾರು," ಎಂದಳು ಹಿಲರಿ.

ಯಾರೋ ಕೆಮ್ಮಿನಲ್ಲಿ ನಗು ಮುಚ್ಚಿಕೊಂಡರು.

"ಕೆಲ್ಡ್‌ಬೆಕ್‌ಗೆ ಇರೋದು ಒಬ್ಬನೇ ದೊಡ್ಡ ಮನುಷ್ಯ," ಎಂದಳು ಎನಿಡ್. "ಪುಸ್ತಕಗಳಲ್ಲಿ ಅವನ ಹೆಸರಿದೆ. ಈಗ ಬಂದು ತಿಂಗಳು ಎಣಿಸಿ ಅವನನ್ನ ಕಲ್ಲಿಂದ ಇಳಿಸು ಅಂದ್ರೆ, ನನ್ನ ಮನಸ್ಸು ಇದಕ್ಕೆ ಒಪ್ಪೋದಿಲ್ಲ."

ಬರ್ನಾರ್ಡ್ ಪೆನ್ನು ಕೆಳಗಿಟ್ಟ.

ಗಡಿಯಾರದ ಸದ್ದು. ಹೊರಗೆ ಎಲ್ಲೋ ಮರಿಯನ್ನು ಕರೆಯುವ ಕುರಿ. ಆಗ ಮಾಲ್ಕಮ್ ಎದ್ದ. ಯಾರಿಗೂ ನೋವಾಗಬಾರದು ಎನ್ನುವ ಒಳ್ಳೆಯ ಮನುಷ್ಯ. "ಇಬ್ಬರ ಹೆಸರೂ ಹಾಕಿದ್ರೆ? ಅತ್ತೆ, ಅಳಿಯ. ಕಲ್ಲಲ್ಲಿ ಜಾಗ ಇದೆ."

ಕೋಣೆಯಲ್ಲಿದ್ದವರ ಹೆಗಲುಗಳೆಲ್ಲ ಒಮ್ಮೆಗೇ ಸಡಿಲವಾದದ್ದು ಹಿಲರಿಗೆ ಕಂಡಿತು. ಬರ್ನಾರ್ಡ್‌ನ ಬೆರಳು ಪೆನ್ನಿನ ಹತ್ತಿರ ಹೋಯಿತು. ಹೋಗಲಿ ಬಿಡಿ ಎಂಬುದು ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಎಷ್ಟು ಸುಲಭ. ಎಲ್ಲರೂ ಚಹಾ ಕುಡಿದು ಮನೆಗೆ ಹೋಗಬಹುದು.

ಅವಳು ಎದ್ದಳು.

"ಮಾಲ್ಕಮ್, ನಿನ್ನ ಮನಸ್ಸು ಒಳ್ಳೇದು. ಆದ್ರೆ ಎರಡು ಹೆಸರು ಹಾಕಿದ್ರೆ ಜನ ಏನಂತ ಓದ್ತಾರೆ ಗೊತ್ತಾ? ಅವನು ಮಾಡಿದ, ಅವಳು ಸಹಾಯ ಮಾಡಿದಳು ಅಂತ. ಕಳೆದ ನೂರೈವತ್ತು ವರ್ಷ ಹಾಗೇ ಓದಿದ್ದಾರೆ. ದಫ್ತರದಲ್ಲಿ ಅವನ ಕೈಯ ಒಂದು ಸಾಲೂ ಇಲ್ಲ. ನಿಜ ಹೇಳೋದು ನಮ್ಮ ಜನದ ಕಸುಬು ಅಂತ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ಎನಿಡ್. ಅರ್ಧ ನಿಜ ಕಲ್ಲಲ್ಲಿ ಕೊರೆಯೋದಕ್ಕಿಂತ ಕಲ್ಲು ಇಲ್ದೇ ಇರೋದೇ ವಾಸಿ. ಮುನ್ನೂರು ವರ್ಷ ಹಾಗೇ ಇದ್ದಾರಲ್ಲ, ಇರಲಿ."

ಹೇಳಿ ಕೂತಳು.

ಎನಿಡ್‌ಳ ಕೋಲು ನೆಲಕ್ಕೆ ಒಮ್ಮೆ ತಾಗಿತು.

"ಬರ್ನಾರ್ಡ್, ಅರ್ಧ ಗಂಟೆ ಕಾಯೋಕಾಗುತ್ತಾ? ಹಿಲರಿ, ಆ ದಫ್ತರ ತಗೊಂಡು ಹೊರಗೆ ಬಾ. ಇಲ್ಲಿ ಬೆಳಕು ಸಾಲದು."

*

ಸ್ಮಶಾನದ ಗೋಡೆಗೆ ಒರಗಿ ಒಂದು ಬೆಂಚು. ಮುಂದೆ ಹುಲ್ಲು, ಹುಲ್ಲಿನ ಕೆಳಗೆ ಹೆಸರಿಲ್ಲದೆ ಸಾಲಾಗಿ ಮಲಗಿದ ಇನ್ನೂರು ಜನ. ಗಂಡ ಹೆಂಡತಿ ಪಕ್ಕಪಕ್ಕ ಅಲ್ಲ, ಸತ್ತ ಸರದಿಯಲ್ಲಿ. ನಕ್ಷೆಯ ಪ್ರಕಾರ ಟೇಮರ್ ಮೂರನೆಯ ಸಾಲಿನಲ್ಲಿ ಒಬ್ಬ ಚಮ್ಮಾರನಿಗೂ ಒಂದು ಹಸುಗೂಸಿಗೂ ನಡುವೆ.

ಎನಿಡ್ ಭೂತಗನ್ನಡಿ ಹಿಡಿದು ಹನ್ನೆರಡನೆಯ ತಿಂಗಳ ಸಾಲುಗಳ ಮೇಲೆ ಬೆರಳು ಇಳಿಸಿದಳು. ತುಟಿ ಅಲ್ಲಾಡುತ್ತಿತ್ತು, ಶಾಲೆಯ ಹಾಜರಿ ಕರೆಯುವ ಹಾಗೆ. ಇಪ್ಪತ್ತೆಂಟಕ್ಕೆ ಬೆರಳು ನಿಂತಿತು. ಇನ್ನೊಂದು ವರ್ಷ ತೆಗೆದಳು. ಇನ್ನೊಂದು.

"ಇದೇನು ಬರೆದಿದ್ದಾಳೆ, ಓದು."

ಹಿಲರಿ ಬಾಗಿದಳು. "ಹನ್ನೊಂದನೇ ತಿಂಗಳು, ೧೭೩೯. ದೌತಿಯಲ್ಲಿ ಮಸಿ ಹೆಪ್ಪುಗಟ್ಟಿದೆ. ಉಸಿರು ಊದಿ ಕರಗಿಸಿ ಬರೆದೆ. ಮೇಲಿನ ಹೊಲದ ಮನೆಯ ಮೇರಿ ಹಿಮದಲ್ಲಿ ನಡೆದು ಬಂದು ತನ್ನ ಚೀಟಿ ಕೊಟ್ಟಳು."

"ಚೀಟಿ?"

"ಕಣಿವೆ ಉದ್ದಕ್ಕೂ ಒಂಬತ್ತು ಮನೆ ಹೆಂಗಸರು ಅವಳಿಗೆ ಚೀಟಿ ತಂದುಕೊಡ್ತಿದ್ರು. ಹೂವು ಯಾವತ್ತು ಬಿಡ್ತು, ಕಪ್ಪೆ ಯಾವತ್ತು ಕೂಗ್ತು ಅಂತ. ಸಭೆಗೆ ಬರೋ ದಿನ ಜೇಬಲ್ಲಿ ಇಟ್ಕೊಂಡು ಬರೋರು. ಹಾಗೇ ಅಲ್ವಾ ಅವಳಿಗೆ ಗೊತ್ತಾಗಿದ್ದು, ವಸಂತ ಎಷ್ಟು ನಿಧಾನಕ್ಕೆ ಬೆಟ್ಟ ಹತ್ತುತ್ತೆ ಅಂತ? ಪಾದ್ರಿ ಈ ಚೀಟಿ ವಿಷಯ ಎಲ್ಲಾ ಕಿತ್ತು ಹಾಕಿದ್ದಾನೆ. ಹೆಂಗಸರ ಹರಟೆ ಅಂತ."

ಎನಿಡ್ ಅಚ್ಚಿನ ಪುಸ್ತಕ ಕೇಳಿ ಇಸಿದುಕೊಂಡು, ಡಿಸೆಂಬರಿನ ಟಿಪ್ಪಣಿ ತೆಗೆದು ಓದಿದಳು. ಅವಳಿಗೆ ಅದು ಹೊಸದಲ್ಲ. ಅದೇ ತಮಾಷೆಯನ್ನು ತನ್ನ ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ ಅವಳೇ ಬರೆದುಕೊಂಡಿದ್ದಳು. ಆದರೆ ಈಗ ಅವಳ ಕತ್ತು ಕೆಂಪಾಯಿತು.

"ಕ್ರಿಸ್‌ಮಸ್ಸಂತೆ! ನಮ್ಮೋರು! ಆ ಕಾಲದಲ್ಲಿ! ನಮ್ಮಜ್ಜಿನೇ ಡಿಸೆಂಬರ್ ಇಪ್ಪತ್ತೈದಕ್ಕೆ ಕಂಬಳಿ ಒಗೀತಿದ್ದಳು, ಹಬ್ಬ ಅಲ್ಲ ಅಂತ ಊರಿಗೆಲ್ಲ ಕಾಣ್ಲಿ ಅಂತ." ಅಚ್ಚಿನ ಪುಸ್ತಕ ಮುಚ್ಚಿದಳು. "ನಾನು ಇದನ್ನ ನಲವತ್ತು ವರ್ಷ ಓದಿದೀನಿ ಹಿಲರಿ. ಭಾನುವಾರದ ಪಾಠದಲ್ಲಿ ಮಕ್ಕಳಿಗೆ ನಾನೇ ಹೇಳಿಕೊಟ್ಟಿದೀನಿ, ನಾವು ತಿಂಗಳಿಗೆ ಹೆಸರಿಡಲ್ಲ, ಎಣಿಸ್ತೀವಿ ಅಂತ. ಎಲ್ಲಿಂದ ಎಣಿಸ್ತಿದ್ರು ಅಂತ ಒಂದು ದಿನ ಕೇಳ್ಕೊಳ್ಳಲಿಲ್ಲ."

"ನಾನೂ ಕೇಳ್ಕೊಳ್ಳಲಿಲ್ಲ. ಹನ್ನೊಂದು ವರ್ಷ ಇದಕ್ಕೆ ಗಾಳಿ ಆಡಿಸಿದೀನಿ, ಪುಟ ತಿರುಗಿಸಿ ನೋಡ್ಲಿಲ್ಲ."

ಗೋಡೆಯ ಮೇಲೆ ಒಂದು ರಾಬಿನ್ ಹಕ್ಕಿ ಬಂದು ಕೂತು ಹೋಯಿತು. ಎನಿಡ್ ಪುಟಗಳನ್ನು ಸುಮ್ಮನೆ ಸವರುತ್ತಿದ್ದಳು. ಅವಳ ಕೈಯ ನರಗಳು ಎದ್ದು ಕಾಣುತ್ತಿದ್ದವು. ತನ್ನ ಮನೆತನದ ಒಂದೇ ಒಂದು ದೀಪವನ್ನು ತಾನೇ ಆರಿಸಲು ಈ ಮುದುಕಿಯನ್ನು ಕೇಳುತ್ತಿದ್ದೇನೆ ಎಂದು ಹಿಲರಿಗೆ ಅನ್ನಿಸಿತು. ಅನ್ನಿಸಿದರೂ ಅವಳು ಮಾತು ಹಿಂದೆಗೆದುಕೊಳ್ಳಲಿಲ್ಲ. ಬೆಂಚಿನ ಮೇಲೆ ಸ್ವಲ್ಪ ಹತ್ತಿರ ಸರಿದು ಕೂತಳು, ಅಷ್ಟೇ.

"ಜೊಸಾಯಾ ಬಗ್ಗೆ ಏನೂ ಬರೆದೇ ಇಲ್ವಾ ಇವಳು?"

"ಒಂದು ಕಡೆ ಇದೆ." ಹಿಲರಿ ಗುರುತಿಟ್ಟ ಪುಟ ತೆಗೆದಳು. "ಓದಲಾ?"

"ಓದು. ಏನಿದ್ರೂ ಓದು."

"ಐದನೇ ತಿಂಗಳು, ೧೭೫೨. ಜೊಸಾಯಾ ಯಾರ್ಕ್‌ನಿಂದ ಬಂದ. ಒಳ್ಳೆಯವನು. ಸಹಾಯ ಮಾಡುವೆನೆಂದ. ಥರ್ಮಾಮೀಟರನ್ನು ಒಲೆಯ ಪಕ್ಕ ತೂಗುಹಾಕಿದ್ದಾನೆ. ಇನ್ನು ಮುಂದೆ ಕೋಳಿಗಳನ್ನು ನೋಡಿಕೊಳ್ಳುವನು."

ಎನಿಡ್ ಭೂತಗನ್ನಡಿ ಕೆಳಗಿಟ್ಟಳು. ಮೊದಲು ಅವಳ ಭುಜ ಅಲ್ಲಾಡಿತು. ಆಮೇಲೆ ನಗು ಗಂಟಲಿಂದ ಹೊರಗೆ ಬಂತು. ಕಣ್ಣಲ್ಲಿ ನೀರು ಬರುವಷ್ಟು, ಕೋಲು ಬಿದ್ದುಹೋಗುವಷ್ಟು.

"ನಮ್ಮ ಮನೆಯೋನೇ ಇವನು! ಅನುಮಾನಾನೇ ಬೇಡ. ನಮ್ಮಪ್ಪ ಹೊಸ ರೇಡಿಯೋ ತಂದು ಕಿಟಕಿಯಲ್ಲಿಟ್ಟು ಮಳೇಲಿ ನೆನೆಸಿದ್ದ." ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. "ಕೋಳಿ ನೋಡಿಕೊಂಡಿರ್ತಾನೆ, ಪಾಪ. ಚೆನ್ನಾಗೇ ನೋಡಿಕೊಂಡಿರ್ತಾನೆ. ಆ ಮನುಷ್ಯ ತಾನೇ ದೊಡ್ಡವನು ಅಂತ ಎಲ್ಲೂ ಹೇಳಿಕೊಂಡಿಲ್ಲ ಅಲ್ವಾ?"

"ಇಲ್ಲ. ಹೇಳಿದ್ದು ಪಾದ್ರಿ."

"ಆಮೇಲೆ ನಾನು," ಎಂದಳು ಎನಿಡ್. "ಕೋಲು ಎತ್ತಿಕೊಡು. ಟೇಮರ್ ನನಗೂ ಅತ್ತೇನೇ ತಾನೆ, ಎಂಟು ತಲೆ ಹಿಂದೆ. ಆ ಹಕ್ಕು ಬಿಟ್ಟುಕೊಡೋಳಲ್ಲ ನಾನು."

ಒಳಗೆ ಹಣ್ಣಿನ ಕೇಕಿನ ಮೇಲೆ ಚೀಸ್ ಹೋಳಿಟ್ಟು ತಿನ್ನುತ್ತಿದ್ದವರು ತಟ್ಟೆ ಕೆಳಗಿಟ್ಟು ತಮ್ಮ ಜಾಗಕ್ಕೆ ಬಂದರು. ಎನಿಡ್ ನಿಂತೇ ಹೇಳಿದಳು: "ನಾನು ಎಣಿಸಿ ನೋಡಿದೆ. ಹಿಲರಿ ಹೇಳಿದ್ದು ಸರಿ. ಕಲ್ಲಿಗೆ ಟೇಮರ್ ಹೆಸರು. ಒಂದೇ ಹೆಸರು."

ಬರ್ನಾರ್ಡ್ ಬರೆದ, ಓದಿದ. ಟೇಮರ್ ಹಾರ್ಕರ್‌ಳ ಸಮಾಧಿಗೆ ಒಂದು ಕಲ್ಲು ಇಡುವುದು. ಹಿಂದಿನ ನಿರ್ಣಯದಲ್ಲಿ ನಾವು ತಪ್ಪಿದ್ದೆವು. ಅವಳು ತಪ್ಪಿರಲಿಲ್ಲ.

"ಹಾಗೇ ಆಗಲಿ," ಎಂದವು ಹದಿನಾಲ್ಕು ದನಿಗಳು. ಸ್ನೇಹಿತರು ಒಪ್ಪಿಗೆ ಹೇಳುವುದು ಹಾಗೆ.

*

ಏಪ್ರಿಲ್ ಕೊನೆಯ ಶನಿವಾರ. ವಿಜ್ಞಾನ ಸಂಘದ ಅಧ್ಯಕ್ಷ ಹೊಸದಾಗಿ ಬರೆದ ಭಾಷಣವನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಪರದೆ ಎಲ್ಲಿ, ಎಳೆಯುವವರು ಯಾರು ಎಂದು ಕೇಳಿದ. ಪರದೆ ಇಲ್ಲ ಎಂದ ಬರ್ನಾರ್ಡ್. ಕೂರುತ್ತೇವೆ, ಹೇಳಬೇಕೆನ್ನಿಸಿದವರು ಎದ್ದು ಹೇಳುತ್ತಾರೆ. ಎಷ್ಟು ಹೊತ್ತು? ಒಂದು ಗಂಟೆ. ಅಧ್ಯಕ್ಷ ಹುಲ್ಲಿನ ಮೇಲಿಟ್ಟ ಕುರ್ಚಿಯ ತುದಿಯಲ್ಲಿ ಕೂತ.

ಕಲ್ಲು ಮೊಣಕಾಲಿಗಿಂತ ಕೆಳಗಿತ್ತು. ಟೇಮರ್ ಹಾರ್ಕರ್, ಕೆಳಗೆ ಎರಡು ತಾರೀಖು. ವಿಜ್ಞಾನಿ ಎಂಬ ಒಂದು ಮಾತು ಇರಬೇಕಿತ್ತು ಎಂದು ಹಿಲರಿಗೆ ಮೊದಲು ಆಸೆಯಿತ್ತು. ಈಗ ಆ ಬರಿಯ ಹೆಸರನ್ನು ನೋಡುತ್ತ, ಸಾಕು ಅನ್ನಿಸಿತು. ಹುಟ್ಟಿದ ದಿನಕ್ಕೆ ಕಲ್ಲುಕುಟಿಗ ಕೊರೆದದ್ದು ಟೇಮರ್ ಬರೆದ ಹಾಗೆಯೇ: ಹನ್ನೆರಡನೆಯ ತಿಂಗಳು, ೧೭೦೯. ಅದು ಎನಿಡ್‌ಳ ಹಠ. ಬಂದವರು ಎಣಿಸಿಕೊಳ್ಳಲಿ ಎಂದಿದ್ದಳು.

ನಲವತ್ತು ನಿಮಿಷ ಯಾರೂ ಮಾತಾಡಲಿಲ್ಲ. ಅಧ್ಯಕ್ಷನ ಕೈ ಎರಡು ಸಲ ಜೇಬಿಗೆ ಹೋಗಿ ಬರಿದಾಗಿ ಬಂತು. ಆಮೇಲೆ ಎನಿಡ್ ಎದ್ದಳು.

"ನಲವತ್ತು ವರ್ಷ ನಾನು ಇವಳ ಬಗ್ಗೆ ತಪ್ಪು ಪಾಠ ಮಾಡಿದೆ. ಇಲ್ಲಿರೋರಲ್ಲಿ ಹತ್ತು ಜನ ನನ್ನ ವಿದ್ಯಾರ್ಥಿಗಳು. ದಯವಿಟ್ಟು ತಿದ್ದಿಕೊಳ್ಳಿ."

ಕೂತಳು. ಅದಕ್ಕಿಂತ ದೊಡ್ಡ ಭಾಷಣ ಆ ದಿನ ಆಗಲಿಲ್ಲ. ಅಧ್ಯಕ್ಷನೂ ಕೊನೆಗೆ ಭಾಷಣ ಓದಲಿಲ್ಲ. ಕಣ್ಣು ಮುಚ್ಚಿ ಕೂತುಬಿಟ್ಟ. ನಿದ್ದೆ ಎಂದು ಕ್ಲೈವ್ ಆಮೇಲೆ ಆಡಿಕೊಂಡ.

ಚಹಾದ ಹೊತ್ತಿಗೆ ಮೇಲಿನ ಹೊಲದ ಮನೆಯ ಜೋನ್ ಹಿಲರಿಯನ್ನು ಹುಡುಕಿಕೊಂಡು ಬಂದಳು. ಸ್ನೇಹಿತರ ಪಂಥದವಳಲ್ಲ, ಸಭೆಗೆ ಎಂದೂ ಬಂದವಳಲ್ಲ. ಕೈಯಲ್ಲಿ ಕುರಿಯ ವಾಸನೆ. ತಿಂಗಳ ಹಿಂದೆ ಹಿಲರಿ ಕಣಿವೆಯಲ್ಲಿ ಈಗಲೂ ನಿಂತಿರುವ ಅವೇ ಒಂಬತ್ತು ಮನೆಗೂ ಹೋಗಿ, ಹೂವು ಹಕ್ಕಿ ಕಂಡ ದಿನ ಬರೆದುಕೊಡಿ ಎಂದು ಕೇಳಿಕೊಂಡು ಬಂದಿದ್ದಳು.

ಜೋನ್ ಜೇಬಿನಿಂದ ಮೇವಿನ ಚೀಲದ ಹರಿದ ತುಂಡೊಂದನ್ನು ತೆಗೆದಳು. "ನೀನು ಬರೆದುಕೊಡು ಅಂದಿದ್ಯಲ್ಲ. ನಿನ್ನೆ ಬೆಳಗ್ಗೆ, ಹನ್ನೊಂದಕ್ಕೆ. ಎರಡು ಸ್ವಾಲೋ. ನಮ್ಮ ಕೊಟ್ಟಿಗೆ ತೊಲೆ ಮೇಲೆ. ಕನ್ನಡಕ ಇರಲಿಲ್ಲ, ಆದ್ರೂ ಅವೇ. ನಂಬ್ತೀಯೋ ಇಲ್ವೋ ನಿನಗೆ ಬಿಟ್ಟಿದ್ದು."

"ನಂಬ್ತೀನಿ," ಎಂದಳು ಹಿಲರಿ.

ಚೀಲದಿಂದ ಹೊಸ ದಫ್ತರ ತೆಗೆದು, ಟೇಮರ್‌ಳ ಕಲ್ಲಿನ ಪಕ್ಕದ ಹುಲ್ಲಿನಲ್ಲಿ ಕೂತು, ಮೊಣಕಾಲ ಮೇಲಿಟ್ಟುಕೊಂಡು, ಶಾಯಿಯಲ್ಲಿ ಬರೆದಳು. ಒಂದೇ ಸಲ ನೋಡಿದಳು. ಮುಚ್ಚಿ ಚೀಲಕ್ಕೆ ಹಾಕಿ, ಜೋನ್‌ಗೆ ಚಹಾ ತರಲು ಎದ್ದಳು.